ಪಕ್ಕಕ್ಕೆ ನಿಂತು ಶನಿಯನ್ನು ನೋಡಿದ್ದು

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವಳೇ ಒಂದು ತೀರ್ಮಾನ ಮಾಡಿದ್ದೆ, ಇನ್ನು ಮೇಲೆ ಯಾರಿಗೂ ಇಂಗ್ಲಿಷ್ ಕಲಿಸುವುದಿಲ್ಲ ಎಂದು. ಸಕಲೇಶಪುರ, ಆಲೂರು ಎರಡೂ ತಾಲ್ಲೂಕುಗಳ ಸರ್ಕಾರಿ ಹೈಸ್ಕೂಲುಗಳಲ್ಲಿ ಕೂಗಿ ಕೂಗಿ ನನ್ನ ಗಂಟಲು ಒಡೆದ ಕೊಳಲಿನಂತಾಗಿತ್ತು. ಪಾಠ ಕೇಳದ ಮಕ್ಕಳನ್ನು ‘ಶನಿಗಳಾ’ ಎಂದು ಬೈಯುವುದು ನನ್ನ ರೂಢಿ. ಈಗಲೂ ಹಾನುಬಾಳಿನ ಅಂಗಡಿ ಸಾಲಿನಲ್ಲಿ ಮೀಸೆ ನರೆತ ಗಂಡಸರು ಎದುರಾಗಿ, ‘ಟೀಚ್ರೇ, ನಾನು ನಿಮ್ಮ ಹಳೇ ಶನಿ’ ಎಂದು ಪರಿಚಯ ಹೇಳಿಕೊಳ್ಳುತ್ತಾರೆ. ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಬೈದದ್ದು ನೆನಪಿದೆ ಎಂದರೆ ಪಾಠವೂ ಚೂರು ನೆನಪಿರಬೇಕು.

ಆದರೆ ತೀರ್ಮಾನಗಳು ನಿಲ್ಲುವುದು ಯಾರಾದರೂ ಬಂದು ಬಾಗಿಲು ತಟ್ಟುವವರೆಗೆ. ನಮ್ಮೂರಿನಿಂದ ಸ್ವಲ್ಪ ಮೇಲಿರುವ ಎಸ್ಟೇಟಿನ ಯಜಮಾನರ ಸೊಸೆ ಒಂದು ಮಧ್ಯಾಹ್ನ ಮನೆಗೆ ಬಂದಳು. ಹಳೇ ಬಂಗಲೆಯನ್ನು ಹೋಂಸ್ಟೇ ಮಾಡಿದ್ದ ಹುಡುಗಿ. ಅವಳ ಕಷ್ಟ ಇಷ್ಟು: ಬಂದ ಅತಿಥಿಗಳು ಹಗಲೆಲ್ಲ ಗುಡ್ಡ, ಜಲಪಾತ ಎಂದು ತಿರುಗುತ್ತಾರೆ. ಸಂಜೆ ಆರರ ಮೇಲೆ ಆನೆಗಳ ಭಯ, ಬೇಲಿ ದಾಟಿ ಯಾರನ್ನೂ ಬಿಡುವ ಹಾಗಿಲ್ಲ. ಒಳಗೇ ಕೂತು ಏನು ಮಾಡುವುದು ಎಂದು ಅವರು ಕೇಳುತ್ತಾರೆ. ಅದಕ್ಕೆ ಒಂದು ದೊಡ್ಡ ಟೆಲಿಸ್ಕೋಪು ತರಿಸುತ್ತಿದ್ದಾಳೆ. ಬಂಗಲೆಯ ಪಕ್ಕದ ಕಾಫಿ ಒಣಹಾಕುವ ಕಣದಲ್ಲಿ ನಿಲ್ಲಿಸಿ ಆಕಾಶ ತೋರಿಸಬೇಕು. ತೋರಿಸುವವರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬೇಕು.

‘ಬೆಂಗಳೂರಿಂದ ಯಾರನ್ನಾದ್ರೂ ಕರ್ಸಬಹುದು ಟೀಚರ್. ಆದ್ರೆ ನಮ್ಮ ಜನಕ್ಕೇ ಆ ಕೆಲಸ ಸಿಗಲಿ ಅಂತ. ನೀವು ಗ್ರಹಗಳ ಇಂಗ್ಲಿಷ್ ಕಲಿಸಿಕೊಡಿ.’

‘ನನಗೆ ಗೊತ್ತಿರೋ ಗ್ರಹ ಎಲ್ಲ ಜಾತಕದ್ದು ಕಣಮ್ಮ’ ಎಂದೆ.

ಅವಳು ನಕ್ಕು, ಬಣ್ಣದ ಚಿತ್ರಗಳಿದ್ದ ದಪ್ಪ ಪುಸ್ತಕವೊಂದನ್ನು ಜಗಲಿಯ ಮೇಲಿಟ್ಟು ಹೋದಳು. ಆ ಪುಸ್ತಕ ತೆರೆಯಬಾರದಿತ್ತು. ತೆರೆದೆ, ಅನ್ನಕ್ಕಿಟ್ಟದ್ದು ಸೀದುಹೋಯಿತು.

ಭಾನುವಾರ ಮಧ್ಯಾಹ್ನ ಎಸ್ಟೇಟಿನ ಕಾಫಿ ಮೂಟೆ ಇಡುವ ಸ್ಟೋರಿನ ಜಗಲಿಯಲ್ಲಿ ತರಗತಿ ಶುರುವಾಯಿತು. ಬಂದು ಹೋಗುವವರು ಹಲವರು, ಉಳಿದದ್ದು ಇಬ್ಬರೇ. ಒಬ್ಬರು ಜೀಪಿನ ಭಾಯಿ. ಸಕಲೇಶಪುರದ ಪೇಟೆಯವರು, ರೈಲಿಳಿದ ಪ್ರವಾಸಿಗಳನ್ನು ಗುಡ್ಡಕ್ಕೆ ಹತ್ತಿಸುವುದು ಅವರ ಕಸುಬು. ಅವರ ಇಂಗ್ಲಿಷಿಗೆ ಕ್ರಿಯಾಪದವೇ ಬೇಕಿರಲಿಲ್ಲ, ಕೈ ಸನ್ನೆ ಸಾಕಾಗಿತ್ತು. ಇನ್ನೊಬ್ಬಳು ಹೋಂಸ್ಟೇಯ ಅಡುಗೆಯವಳು. ಹೆಗ್ಗದ್ದೆ ಕಡೆಯ ಸಣ್ಣ ಹಿಡುವಳಿಯ ಮನೆಗೆ ಸೊಸೆಯಾಗಿ ಬಂದವಳು, ಕನ್ನಡ ಮೀಡಿಯಮ್ಮಿನಲ್ಲಿ ಪಿಯುಸಿ ಮುಗಿಸಿದವಳು. ಭಾಯಿ ಬರುತ್ತಿದ್ದದ್ದು ತಮಾಷೆಗೆ. ಇವಳು ಬರುತ್ತಿದ್ದದ್ದು ಹಾಗಲ್ಲ. ಹಿಂದಿನ ವಾರದ್ದನ್ನು ತಪ್ಪಿಲ್ಲದೆ ಒಪ್ಪಿಸಿ, ನಾನು ‘ಗುಡ್’ ಅನ್ನುವವರೆಗೆ ಉಸಿರು ಬಿಡುತ್ತಿರಲಿಲ್ಲ.

ಯಾಕಿಷ್ಟು ಹಟ ಎಂದು ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದಳು. ಗಂಡ ಸಂಸಾರ ಕಟ್ಟಿಕೊಂಡು ಹಾಸನಕ್ಕೆ ಹೋಗುವ ಲೆಕ್ಕದಲ್ಲಿದ್ದಾನೆ. ಗಾರ್ಮೆಂಟ್ಸಿನಲ್ಲಿ ಇಬ್ಬರಿಗೂ ಕೆಲಸ ಸಿಗುತ್ತದಂತೆ. ಮನೆಯಲ್ಲಿ ಅತ್ತೆಗೂ ಇವಳಿಗೂ ಆಗಿಬರುತ್ತಿಲ್ಲ, ಅದೇ ಕಾರಣ.

‘ಈ ತೋರ್ಸೋ ಕೆಲ್ಸ ಸಿಕ್ರೆ ಇಲ್ಲೇ ಇರಾನ ಅಂದವ್ರೆ. ನಂಗೆ ಈ ಗುಡ್ಡ ಬಿಟ್ಟು ಬಾಗ್ಲು ಮುಚ್ಕಂಡು ಬಟ್ಟೆ ಹೊಲಿಯಕ್ಕೆ ಆಗಕಿಲ್ಲ ಟೀಚ್ರೇ. ಸತ್ತೇಹೋಯ್ತೀನಿ.’

ಅವತ್ತಿನಿಂದ ನಾನೂ ಸ್ವಲ್ಪ ಹಟಕ್ಕೆ ಬಿದ್ದೆ ಅನ್ನಿ.

ಕಲಿಸುವವಳಿಗೇ ಗೊತ್ತಿಲ್ಲದ ಪಾಠ ಅದು. ಭೂಮಿಯಿಂದ ಸೂರ್ಯನಿಗೆ ಎಷ್ಟು ಕೋಟಿ ದೂರ ಎಂದು ಹೇಳಿ ಏನು ಪ್ರಯೋಜನ? ಆ ಸಂಖ್ಯೆ ನನ್ನ ತಲೆಗೂ ಹತ್ತುತ್ತಿರಲಿಲ್ಲ. ಕೊನೆಗೆ ಪುಸ್ತಕದ ಲೆಕ್ಕವನ್ನೇ ಕುಗ್ಗಿಸಿ, ಕುಗ್ಗಿಸಿ, ನಮ್ಮ ಎಸ್ಟೇಟಿನೊಳಗೆ ಹಿಡಿಸುವ ಹಾಗೆ ಮಾಡಿಕೊಂಡೆ. ಭಾಯಿಯ ಜೀಪಿನ ಸ್ಟೆಪ್ನಿ ಟೈರೇ ಸೂರ್ಯ. ಅದನ್ನು ಸ್ಟೋರಿನ ಬಾಗಿಲಿಗೆ ಒರಗಿಸಿದೆವು. ಆ ಅಳತೆಗೆ ಭೂಮಿ ಒಂದು ಮೆಣಸಿನ ಕಾಳು. ಅದನ್ನು ಇಡಬೇಕಾದ್ದು ಕಣದ ಆ ತುದಿಯಲ್ಲಿ. ಮಂಗಳ ಕೊತ್ತಂಬರಿ ಬೀಜ. ಗುರು ಒಂದು ಕಿತ್ತಳೆ, ಕೂಲಿ ಲೈನಿನ ಮನೆಗಳ ಆಚೆ. ಶನಿ ಅದಕ್ಕಿಂತ ಚೂರು ಸಣ್ಣ ಕಿತ್ತಳೆ, ಎಸ್ಟೇಟಿನ ಗೇಟಿನ ಬಳಿ. ಕಟ್ಟಕಡೆಯ ನೆಪ್ಚೂನು ಒಂದು ನೆಲ್ಲಿಕಾಯಿ, ಹಾನುಬಾಳಿನ ರಸ್ತೆಯಲ್ಲಿ ಬಸ್ಸು ಕಾಯುವ ಕಟ್ಟೆಯ ಮೇಲೆ.

ಮೆಣಸಿನ ಕಾಳನ್ನು ಕಣದ ತುದಿಯಲ್ಲಿಟ್ಟು ಹಿಂತಿರುಗಿ ನೋಡಿದೆ. ಸ್ಟೋರಿನ ಬಾಗಿಲಲ್ಲಿ ಟೈರು ಕಾಣುತ್ತಿತ್ತು. ಕಾಲ ಬಳಿ ಕಾಳು ಕಾಣಲೇ ಇಲ್ಲ, ಬಗ್ಗಿ ಹುಡುಕಬೇಕಾಯಿತು. ಇನ್ನು ಚಂದ್ರ. ಸಾಸಿವೆ ಕಾಳೊಂದನ್ನು ಮೆಣಸಿನಿಂದ ಒಂದು ಗೇಣು ದೂರದಲ್ಲಿಟ್ಟೆ.

‘ಮನುಷ್ಯ ಇದುವರೆಗೆ ಹೋಗಿ ಬಂದಿರೋದು ಇಷ್ಟೇ’ ಎಂದೆ. ‘ಈ ಗೇಣು.’

ಹೇಳಿದ ಮೇಲೆ ಬಗ್ಗಿ ಆ ಗೇಣನ್ನೇ ಮತ್ತೊಮ್ಮೆ ಅಳೆದೆ. ಚಂದ್ರನ ಮೇಲೆ ಕಾಲಿಟ್ಟ ಸುದ್ದಿಯನ್ನು ನಮ್ಮಪ್ಪ ರೇಡಿಯೋದಲ್ಲಿ ಕೇಳಿ ಊರಿಗೆಲ್ಲ ಹೇಳಿದ್ದರಂತೆ. ನಮ್ಮ ದೇಶದ್ದೇ ನೌಕೆ ಅಲ್ಲಿ ಇಳಿದ ಸಂಜೆ ಹಾನುಬಾಳಿನ ಬೇಕರಿಯ ಟಿವಿ ಮುಂದೆ ನಿಂತು ನಾನೂ ಚಪ್ಪಾಳೆ ತಟ್ಟಿದ್ದೆ. ಅಷ್ಟೆಲ್ಲ ಸಂಭ್ರಮ ಒಂದು ಗೇಣಿಗೆ. ಅದರಾಚೆ ಗೇಟಿನವರೆಗೆ, ಬಸ್ಸಿನ ಕಟ್ಟೆಯವರೆಗೆ ಬರೀ ಖಾಲಿ. ಇನ್ನೊಂದು ಟೈರು, ಅಂದರೆ ನಮಗೆ ಅತಿ ಹತ್ತಿರದ ಇನ್ನೊಂದು ನಕ್ಷತ್ರ ಎಲ್ಲಿ ಎಂದು ಭಾಯಿ ಕೇಳಿದರು. ಲೆಕ್ಕ ಹಾಕಿಕೊಂಡೇ ಬಂದಿದ್ದೆ. ನಾವು ನಿಂತಲ್ಲಿಂದ ಭೂಮಿಯನ್ನು ನೆಟ್ಟಗೆ ತೂತು ಕೊರೆದುಕೊಂಡು ಹೋದರೆ ಆ ಕಡೆ ಎಲ್ಲಿ ಹೊರಡುತ್ತೇವೋ, ಹೆಚ್ಚುಕಡಿಮೆ ಅಲ್ಲಿ.

‘ಯಾ ಅಲ್ಲಾ’ ಎಂದರು ಭಾಯಿ. ನಾನು ದೇವರ ಹೆಸರು ಹೇಳುವವಳಲ್ಲ. ಅವತ್ತು ಹೇಳಿದ್ದರೆ ತಪ್ಪೇನೂ ಇರಲಿಲ್ಲ.

ಆಮೇಲೆ ಪಾಠ. ಜೀಪೇ ರಾಕೆಟ್ಟು. ಒಂದೊಂದು ಗ್ರಹದ ಬಳಿ ನಿಲ್ಲಿಸಿ, ಅಲ್ಲಿ ನಿಂತವರು ಪ್ರಯಾಣಿಕಳಾದ ನನಗೆ ಇಂಗ್ಲಿಷಿನಲ್ಲಿ ಸ್ವಾಗತ ಹೇಳಬೇಕು. ಭಾಯಿ ಬಸ್ ಕಟ್ಟೆಯ ನೆಪ್ಚೂನಿನಲ್ಲಿ ಎದೆಯುಬ್ಬಿಸಿ ನಿಂತು, ‘ವೆಲ್‌ಕಮ್ ನೆಪ್ಚೂನ್! ವೆರಿ ಕೋಲ್ಡ್. ನೋ ಟೀ, ನೋ ನೆಟ್‌ವರ್ಕ್. ಸೇಮ್ ಎಡಕುಮೇರಿ ಸ್ಟೇಷನ್!’ ಎಂದರು. ಘಾಟಿಯ ಕಾಡಿನ ನಡುವಿನ ಆ ಒಂಟಿ ರೈಲು ನಿಲ್ದಾಣ ಗೊತ್ತಿದ್ದ, ಬಸ್ಸು ಕಾಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ನಾನು ನೂರಕ್ಕೆ ನೂರು ಕೊಟ್ಟೆ.

ಅಡುಗೆಯವಳದ್ದು ಭೂಮಿ. ಅವಳು ಮೆಣಸಿನ ಕಾಳಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತ ಹೇಳಿದಳು, ‘ದಿಸ್ ಈಸ್ ಅರ್ತ್. ಆಲ್ ಪೀಪಲ್ ಆರ್ ಹಿಯರ್.’ ಕಾಳನ್ನು ಬೆರಳಲ್ಲಿ ಮುಟ್ಟಿ, ‘ಡೆಡ್ ಪೀಪಲ್ ಆಲ್ಸೋ’ ಎಂದು ಸೇರಿಸಿದಳು. ನಾನು ಹೇಳಿಕೊಟ್ಟ ವಾಕ್ಯವಲ್ಲ ಅದು. ತಿದ್ದಲು ಏನೂ ಇರಲಿಲ್ಲ.

ಶನಿಯ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಶನಿಯ ಸುತ್ತ ಬಳೆಯಿದೆಯಲ್ಲ, ಅದಕ್ಕೊಂದು ಅಕ್ಕಿ ರೊಟ್ಟಿ ಸುಟ್ಟು ನಡುವೆ ಲೋಟದ ಬಾಯಿಯಿಂದ ತೂತು ತೆಗೆಯಲು ಅವಳಿಗೇ ಹೇಳಿದ್ದೆ. ಕಿತ್ತಳೆಯನ್ನು ಆ ತೂತಿನಲ್ಲಿ ಕೂರಿಸಿ, ‘ಇವನೇ ಶನಿ, ಹೋಗಿ ಗೇಟಿನ ಹತ್ತಿರ ಇಟ್ಟು ಬಾ’ ಎಂದು ಅವಳ ಕೈಗೆ ಚಾಚಿದೆ. ಅವಳು ಕೆಂಡ ಕಂಡವಳಂತೆ ಹಿಂದೆ ಸರಿದಳು. ಭಾಯಿಯೇ ತಟ್ಟೆ ಹಿಡಿದುಕೊಂಡು, ‘ನನಗೆ ಕೊಡಿ ಟೀಚರಮ್ಮ. ಶನಿ ನಮ್ಮ ಮನೆ ಕಡೆ ಬರಲ್ಲ’ ಎಂದು ಹೋದರು. ಅವರ ಜೀಪಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದನ್ನು ನಾನು ನೋಡಿದ್ದೆ. ಅದು ಪ್ಯಾಸೆಂಜರ್ ಸಮಾಧಾನಕ್ಕಂತೆ.

ಅವತ್ತು ಸಂಜೆ ಸ್ಟೋರಿನ ಮೆಟ್ಟಿಲ ಮೇಲೆ ಕೂತು ಅವಳು ಕತೆ ಹೇಳಿದಳು. ಮದುವೆಯಾಗಿ ಬಂದ ವರ್ಷವೇ ಅವಳ ಮೈದುನ, ಅತ್ತೆಯ ಕಿರಿಮಗ, ಮಂಜು ಕವಿದ ಬೆಳಿಗ್ಗೆ ತೋಟಕ್ಕೆ ಹೊರಟವನು ಆನೆ ಕಾಲಿಗೆ ಸಿಕ್ಕಿ ಸತ್ತ. ತಿಥಿ ಕಳೆದ ಮೇಲೆ ಅತ್ತೆ ಜೋಯಿಸರ ಬಳಿ ಹೋದರು. ಸೊಸೆಯ ರಾಶಿಗೆ ಶನಿ ಬಂದಿದ್ದಾನೆ, ಏಳೂವರೆ ವರ್ಷ ಹೆಗಲಿಂದ ಇಳಿಯುವುದಿಲ್ಲ ಎಂದರಂತೆ. ಅಷ್ಟು ಸಾಕಾಯಿತು. ಏಳೂವರೆ ವರ್ಷ ಕಳೆದು ಎಷ್ಟೋ ಆಯಿತು, ಆದರೂ ಅತ್ತೆ ಇವಳಿಗೆ ಮುಖ ಕೊಟ್ಟು ಮಾತಾಡಿಲ್ಲ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವ ಹೊತ್ತಿಗೆ ಇವಳು ಹಿತ್ತಿಲಿಗೆ ಹೋಗಿ ನಿಲ್ಲಬೇಕು. ಕೋಪ ಬಂದಾಗೆಲ್ಲ ಒಂದೇ ಮಾತು, ‘ನನ್ ಮಗನ್ನ ನುಂಗ್ಕಂಡ್ ಶನಿ’.

‘ನೀನು ಅದನ್ನ ನಂಬ್ತೀಯಾ?’ ಎಂದೆ. ಸಿಟ್ಟಿನಲ್ಲೇ ಕೇಳಿದೆ.

‘ಗೊತ್ತಿಲ್ಲ ಟೀಚ್ರೇ. ಆದ್ರೆ ನಾ ಬರೋಗಂಟ ಅವ್ನು ಚೆನ್ನಾಗಿದ್ನಲ್ಲ.’ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ‘ಗುಡೀಲೂ ಶನಿ ಎದ್ರಿಗೆ ನಿಂತ್ಕಳಲ್ಲ ನಾವು. ಪಕ್ಕದಲ್ಲಿ ನಿಂತು ಕೈ ಮುಗ್ದು ಬರದು. ಅವನ ಕಣ್ಣಿಗೆ ಬೀಳ್ಬಾರ್ದು. ಅಂಥದ್ರಲ್ಲಿ ದುರ್ಬೀನ್ ಇಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡದಾ? ಇನ್ನೂ ಒಂದ್ ಜೀವ ಹೋದ್ರೆ?’

ಶನಿ ಎಂದರೆ ಬರೀ ಗಾಳಿಯ ಉಂಡೆ, ಅಲ್ಲಿಗೆ ಮನುಷ್ಯರು ಯಂತ್ರವನ್ನೇ ಕಳಿಸಿದ್ದಾರೆ, ಹೋಗುವುದಕ್ಕೇ ಹತ್ತಿರ ಹತ್ತಿರ ಏಳು ವರ್ಷ ಹಿಡಿಯಿತು ಎಂದು ನಾನು ಪುಸ್ತಕ ತೆರೆದು ತೋರಿಸಿದೆ.

‘ಆ ಮಿಷಿನ್‌ಗೆ ಏನೂ ಆಗ್ಲಿಲ್ವಾ?’

‘ಬಹಳ ವರ್ಷ ಸುತ್ತಿತು. ಕೊನೆಗೆ ಅದರೊಳಗೇ ಬಿದ್ದು ಸುಟ್ಟುಹೋಯಿತು’ ಎಂದೆ. ನಿಜ ಹೇಳುವ ಚಟ ನನಗೆ.

‘ಮತ್ತೆ!’ ಎಂದಳು ಅವಳು, ಗೆದ್ದವಳ ಹಾಗೆ.

ಟೆಲಿಸ್ಕೋಪು ಬಂದದ್ದು ಕಾಫಿ ಹಣ್ಣಿನ ಕುಯಿಲು ಶುರುವಾದ ಮೇಲೆ. ಮೋರಿಗೆ ಹಾಕುವ ಪೈಪಿನಷ್ಟು ದಪ್ಪದ ಕೊಳವೆ, ತಿರುಗುವ ಪೀಠದ ಮೇಲೆ ಮುಗಿಲಿಗೆ ಬಾಯಿ ತೆರೆದು ಕೂತಿತ್ತು. ಮೊದಲ ಸಂಜೆ ಯಜಮಾನರ ಸೊಸೆ ಅದನ್ನು ಶನಿಯ ಕಡೆ ತಿರುಗಿಸಿ, ಹಿರಿಯಳೆಂದು ನನ್ನನ್ನೇ ಮೊದಲು ಕರೆದಳು. ಬಗ್ಗಿ ಕಣ್ಣಿಟ್ಟೆ.

ಏನು ಹೇಳಲಿ. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದೆ, ಆದರೂ ಅದು ಇದೆ ಎಂದು ನಾನು ನಿಜವಾಗಿ ನಂಬಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಕಪ್ಪಿನೊಳಗೆ ಒಂದು ಪುಟ್ಟ ಉಂಡೆ, ಒಣಗಿದ ಕಾಫಿ ಬೀಜದ ಮಾಸಲು ಹಳದಿ, ಅದರ ನಡುವೆ ಎರಡೂ ಕಡೆ ಚಾಚಿದ ಕೂದಲಿನಂಥ ಗೆರೆ. ಅಲುಗುತ್ತಿಲ್ಲ, ಸದ್ದಿಲ್ಲ, ಯಾರೂ ಹಿಡಿದುಕೊಂಡಿಲ್ಲ. ಅಲ್ಲಿಂದ ಹೊರಟ ಬೆಳಕು ಅಷ್ಟು ದೂರ ನಡೆದು ಬಂದು, ಹಾನುಬಾಳಿನ ಒಬ್ಬ ರಿಟೈರ್ಡ್ ಮೇಷ್ಟ್ರಮ್ಮನ ಕಣ್ಣಿನೊಳಗೆ ಇಳಿಯುತ್ತಿದೆ. ಒಂದು ಜನ್ಮವೆಲ್ಲ ಮಕ್ಕಳನ್ನು ಬೈಯಲು ಬಳಸಿದ ಹೆಸರು ಇದರದ್ದಾ ಎಂದು ಕಣ್ಣಲ್ಲಿ ನೀರು ಬಂತು. ಅಳುವ ಗುಣ ನನ್ನದಲ್ಲ.

ಬಳೆ ಗೆರೆಯಾಗಿ ಕಂಡದ್ದಕ್ಕೂ ಪುಸ್ತಕದಲ್ಲಿ ಕಾರಣವಿತ್ತು. ಅಗಲವಾದ ಆ ತೆಳು ಬಳೆ ಕೆಲವು ವರ್ಷಕ್ಕೊಮ್ಮೆ ನಮ್ಮ ಕಡೆ ತನ್ನ ಅಂಚನ್ನು ಮಾತ್ರ ತೋರಿಸಿ ನಿಲ್ಲುತ್ತದೆ. ಈ ಸಲ ನಮ್ಮ ಪಾಲಿಗೆ ಬಂದದ್ದು ಅಂಚು.

ಅಡುಗೆಯವಳು ಚಂದ್ರನನ್ನು ಹಿಡಿಯುವುದನ್ನು ಎರಡೇ ಸಂಜೆಯಲ್ಲಿ ಕಲಿತಳು. ಒಲೆಯ ಉರಿ ಹದ ಮಾಡುವ ಕೈ, ಕೊಳವೆಯನ್ನು ಕೂದಲೆಳೆಯಷ್ಟು ಸರಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಶನಿಗೆ ಮಾತ್ರ ಅವಳು ಒಂದು ಉಪಾಯ ಹೂಡಿದ್ದಳು: ಕೊಳವೆ ತಿರುಗಿಸಿ ಕೊಡುವುದು, ತಾನು ನೋಡದೆ ಅತಿಥಿಗಳನ್ನೇ ನೋಡಲು ಬಿಡುವುದು, ಬಾಯಿಪಾಠ ಒಪ್ಪಿಸುವುದು. ಅದು ಆಗದ ಮಾತು. ಭೂಮಿ ತಿರುಗುತ್ತಲೇ ಇರುತ್ತದಲ್ಲ. ಒಬ್ಬರು ನೋಡಿ ಇನ್ನೊಬ್ಬರು ಬಗ್ಗುವಷ್ಟರಲ್ಲಿ ಗ್ರಹ ಜಾರಿ ಆಚೆ ಹೋಗಿರುತ್ತದೆ. ತೋರಿಸುವವರು ಮತ್ತೆ ಮತ್ತೆ ತಾವೇ ನೋಡಿ ಹಿಡಿದು ಕೊಡಬೇಕು. ಇದನ್ನು ಹೇಳಿದಾಗ ಅವಳು ರಾತ್ರಿಯ ಅಡುಗೆಗೆ ತೆಂಗಿನಕಾಯಿ ತುರಿಯಬೇಕು ಎಂದು ಒಳಗೆ ಹೋದಳು.

ಯಜಮಾನರ ಸೊಸೆ ಪರೀಕ್ಷೆಯ ದಿನ ಗೊತ್ತುಮಾಡಿದಳು. ಬರುವ ಶನಿವಾರ ಬೆಂಗಳೂರಿನ ಒಂದು ಸಂಸಾರ ಬರುತ್ತದೆ, ಜತೆಗೆ ಹೊರದೇಶದ ವಯಸ್ಸಾದ ದಂಪತಿ. ಅಡುಗೆಯವಳೇ ತೋರಿಸಲಿ. ಸರಿಹೋದರೆ ಕೆಲಸ ಅವಳದ್ದು, ಇಲ್ಲವಾದರೆ ಬೆಂಗಳೂರಿನಿಂದ ಯಾರನ್ನಾದರೂ ಕರೆಸುವುದೇ. ಶನಿವಾರ ಬೇಡ, ಭಾನುವಾರ ಆಗಲಿ ಎಂದು ನಾನು ಹೇಳಲು ಬಾಯಿ ತೆರೆದು ಮುಚ್ಚಿದೆ. ವಿಚಾರವಾದಿ ಎಂದು ಹೆಸರು ಮಾಡಿದವಳು ವಾರ ನೋಡಿದರೆ ಊರು ನಕ್ಕೀತು.

ಆ ಸಂಜೆ ಮುಗಿಲು ತೊಳೆದಿಟ್ಟ ಹಾಗಿತ್ತು. ಆನೆಗಳ ಹಿಂಡು ಆಲೂರಿನ ಕಡೆ ಇದೆ ಎಂದು ಎಲ್ಲರ ಮೊಬೈಲಿಗೂ ಅರಣ್ಯ ಇಲಾಖೆಯ ಸಂದೇಶ ಬಂದಿತ್ತು, ಹಾಗಾಗಿ ಧೈರ್ಯ. ಕಣದಲ್ಲಿ ಹರವಿದ್ದ ಕಾಫಿಯನ್ನು ಇಬ್ಬನಿಗೆ ನೆನೆಯದಂತೆ ಟಾರ್ಪಾಲಿನಡಿ ಗುಡ್ಡೆ ಹಾಕಿ, ನಡುವೆ ಜಾಗ ಬಿಟ್ಟಿದ್ದರು. ಅವಳು ರೇಷ್ಮೆಯಂಚಿನ ಸೀರೆ ಉಟ್ಟು ಬಂದಳು. ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ, ಕಾಫಿ ಹರವುವ ಜಾಗ. ಅವಳು ಅಭ್ಯಾಸಬಲದಿಂದ ಚಪ್ಪಲಿ ಅಂಚಿನಲ್ಲಿ ಬಿಟ್ಟಳು. ಅದನ್ನು ಕಂಡು ಅತಿಥಿಗಳೂ ಒಬ್ಬೊಬ್ಬರಾಗಿ ಬೂಟು ಬಿಚ್ಚಿದರು. ತಣ್ಣನೆಯ ಸಿಮೆಂಟಿನ ಮೇಲೆ ಎಲ್ಲರೂ ಬರಿಗಾಲಲ್ಲಿ ನಿಂತು ಮೇಲೆ ನೋಡಿದರು.

ಚಂದ್ರನನ್ನು ಸಲೀಸಾಗಿ ತೋರಿಸಿದಳು. ‘ನೋ ವಿಂಡ್ ದೇರ್. ಫುಟ್‌ಪ್ರಿಂಟ್ ವಿಲ್ ಸ್ಟೇ’ ಎಂದಾಗ ಹೊರದೇಶದ ಅಜ್ಜಿ ‘ಓ’ ಎಂದು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಮುಂದೆ ಶನಿ. ಅವಳು ಕೊಳವೆಯನ್ನು ಅಂದಾಜಿನಲ್ಲಿ ತಿರುಗಿಸಿ, ಮುಖ ಬೇರೆ ಕಡೆ ಮಾಡಿಕೊಂಡು ಅಜ್ಜಿಯನ್ನು ಕರೆದಳು. ಅಜ್ಜಿ ಬಗ್ಗಿ, ಏನೂ ಕಾಣುತ್ತಿಲ್ಲ ಎಂದರು. ಇನ್ನೊಮ್ಮೆ ಸರಿಸಿದಳು. ಈಗಲೂ ಇಲ್ಲ. ಬೆಂಗಳೂರಿನ ಸಂಸಾರದವರು ಮೊಬೈಲು ತೆಗೆದರು. ಯಜಮಾನರ ಸೊಸೆ ಕೈಕಟ್ಟಿಕೊಂಡು ನನ್ನ ಕಡೆ ನೋಡಿದಳು. ನಾನೇ ಹೋಗಿ ಹಿಡಿದುಕೊಟ್ಟರೆ ಕತೆ ಅಲ್ಲಿಗೇ ಮುಗಿಯಿತು, ಆ ಕೆಲಸ ಅವಳದ್ದಲ್ಲ.

ಅವಳು ಕೊಳವೆಯ ಪಕ್ಕದಲ್ಲಿ ನಿಂತು ಅದನ್ನು ಕೆಳಗಿಂದ ಮೇಲಕ್ಕೆ ಒಮ್ಮೆ ನೋಡಿದಳು. ಆ ಜಾತಿಯ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಜಾಗ ಕೆಳತುದಿಯಲ್ಲಿಲ್ಲ, ಮೇಲೆ ಪಕ್ಕದಲ್ಲಿದೆ. ಬೆಳಕು ಒಳಗೆ ಹೋಗಿ, ಬುಡದ ಕನ್ನಡಿಗೆ ಬಡಿದು, ಹಿಂದಕ್ಕೆ ಬಂದು ಪಕ್ಕಕ್ಕೆ ತಿರುಗುತ್ತದೆ. ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

‘ಟೀಚ್ರೇ, ಇದ್ರಲ್ಲಿ ಎದ್ರಿಗೆ ನಿಂತ್ಕಳದೇ ಇಲ್ಲ ಅಲ್ವಾ? ಪಕ್ಕದಲ್ಲಿ ನಿಂತ್ಕಂಡು ನೋಡದು. ಗುಡಿ ಥರಾನೇ.’

ಅದು ಕನ್ನಡಿಯ ಅನುಕೂಲಕ್ಕೆ ಮಾಡಿದ್ದು, ಶನಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತು ನಾಲಗೆ ತುದಿಗೆ ಬಂತು. ಜೀವಮಾನದಲ್ಲಿ ಅದೊಂದು ಸಲ ನುಂಗಿಕೊಂಡೆ.

‘ಹೂಂ ಕಣೇ. ಗುಡಿ ಥರಾನೇ’ ಎಂದೆ.

ಅವಳು ಸೆರಗು ಹೊದ್ದು, ಪಕ್ಕದಲ್ಲಿ ನಿಂತು, ಎದೆಯ ಮೇಲೆ ಕೈ ಮುಗಿದು, ಬಗ್ಗಿದಳು. ಕೈ ಬಿಚ್ಚಿ ಕೊಳವೆಯನ್ನು ಮೆಲ್ಲಗೆ ಸರಿಸಿದಳು. ನಿಲ್ಲಿಸಿದಳು. ಆಮೇಲೆ ಅಲುಗಲಿಲ್ಲ. ಅತಿಥಿಗಳು ಕಾದರು, ನಾವೂ ಕಾದೆವು. ಎದ್ದಾಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಬ್ಬದ ದಿನ ಬಾಗಿಲು ತೆಗೆದಾಗ ಯಾರೋ ದೂರದ ನೆಂಟರನ್ನು ಕಂಡಂತೆ ಬೆರಗು.

ಅಜ್ಜಿ ನೋಡಿದರು, ಅವರ ಗಂಡ ನೋಡಿದರು. ಬಳೆಗಳೆಲ್ಲಿ, ಬರೀ ಗೆರೆ ಕಾಣುತ್ತಿದೆಯಲ್ಲ ಎಂದು ಬೆಂಗಳೂರಿನವರು ಕೇಳಿದರು. ಅವಳು ಬಿಸ್ಕತ್ತು ಇಟ್ಟಿದ್ದ ತಟ್ಟೆಯನ್ನು ಖಾಲಿ ಮಾಡಿ ಎತ್ತಿ ಹಿಡಿದಳು. ಮೊದಲು ಅಗಲಕ್ಕೆ ತೋರಿಸಿ, ಆಮೇಲೆ ಅಂಚು ಮಾತ್ರ ಕಾಣುವ ಹಾಗೆ ತಿರುಗಿಸಿ, ‘ದಿಸ್ ಇಯರ್ ಹಿ ಈಸ್ ಸ್ಟ್ಯಾಂಡಿಂಗ್ ಸೈಡ್‌ವೇಸ್’ ಎಂದಳು. ಆಮೇಲೆ ತಟ್ಟೆ ಇಳಿಸಿ, ತನಗೆ ತಾನೇ ಹೇಳಿಕೊಂಡ ಹಾಗೆ, ‘ಹಿ ಈಸ್ ನಾಟ್ ಲುಕಿಂಗ್ ಅಟ್ ಅಸ್’ ಎಂದಳು.

ಬೆಂಗಳೂರಿನವರಿಗೆ ಅದು ಚಂದದ ಮಾತಾಗಿ ಕೇಳಿರಬೇಕು, ಚಪ್ಪಾಳೆ ತಟ್ಟಿದರು. ಯಜಮಾನರ ಸೊಸೆ ಬಂದು, ‘ಜನವರಿಯಿಂದ ನೀನೇ’ ಎಂದು ಅವಳ ಹೆಗಲು ತಟ್ಟಿ ಅತಿಥಿಗಳನ್ನು ಊಟಕ್ಕೆ ಕರೆದುಕೊಂಡು ಹೋದಳು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಜೀಪಿನ ದೀಪ ಬಂತು. ಭಾಯಿ ಇಳಿದು ಹಿಂದಿನ ಬಾಗಿಲು ತೆಗೆದರು. ಇಳಿದದ್ದು ಅವಳ ಅತ್ತೆ. ಕುಳ್ಳಗಿನ, ಬಿಗಿಯಾದ ಮುಖದ ಮುದುಕಿ. ಸೊಸೆ ಶನಿವಾರದ ದಿನ ಶನಿಯನ್ನು ನೋಡಲು ಹೊರಟಿದ್ದಾಳೆ ಎಂಬ ಸುದ್ದಿ ಹೇಗೋ ಮುಟ್ಟಿತ್ತು. ಆನೆಗೆ ಹೆದರಿ ಆರರ ಮೇಲೆ ಹೊಸಿಲು ದಾಟದವರು, ಭಾಯಿಯನ್ನು ಬೈದು ಜೀಪು ಹೊರಡಿಸಿಕೊಂಡು ಬಂದಿದ್ದರು.

‘ನೋಡ್ಬುಟ್ಟಾ?’ ಎಂದರು, ಕಣದ ಅಂಚಿನಲ್ಲೇ ನಿಂತು.

‘ನೋಡ್ದೆ ಅತ್ತೆ.’

‘ನನ್ ದೊಡ್ ಮಗನ್ನೂ ನುಂಗ್ಕಬೇಕು ಅಂತ ಮಾಡಿದ್ದೀಯೇನೇ?’

ನಾನು ಮಧ್ಯೆ ಹೋಗುವವಳಿದ್ದೆ. ಅವಳು ನನಗೆ ಕೈ ಅಡ್ಡ ತೋರಿಸಿ ಅತ್ತೆಯ ಬಳಿ ನಡೆದಳು. ‘ಬನ್ನಿ ಅತ್ತೆ. ನೀವೂ ಒಂದ್ಸಲ ನೋಡಿ. ಎದ್ರಿಗೆ ನಿಂತ್ಕಳದು ಬ್ಯಾಡ, ಪಕ್ಕದಲ್ಲಿ ನಿಂತ್ಕಳಿ, ನಾನ್ ಹಿಡ್ಕತೀನಿ.’ ಅತ್ತೆ ಬರುವುದಿಲ್ಲ ಎಂದುಕೊಂಡೆ. ಆದರೆ ಇಷ್ಟು ವರ್ಷ ದಿನಾ ಬೈದ ಶತ್ರು ಕೈಗೆಟುಕುವಷ್ಟು ಹತ್ತಿರ ಇದ್ದಾನೆ ಎಂದರೆ ಯಾರಿಗಾದರೂ ನೋಡದೆ ಇರಲಾಗುತ್ತದೆಯೇ? ಚಪ್ಪಲಿ ಬಿಟ್ಟು ಬಂದರು. ಸೊಸೆ ಶನಿಯನ್ನು ಹಿಡಿದು ಕೊಟ್ಟಳು. ಮುದುಕಿ ಅವಳ ತೋಳು ಹಿಡಿದು ಬಗ್ಗಿದರು.

‘ಇವ್ನೇನಾ?’

‘ಇವ್ನೇ.’

‘ಕರ್ರಗಿಲ್ವಲ್ಲೇ.’

‘ಇಲ್ಲ ಅತ್ತೆ.’

‘ಇಷ್ಟೇಯಾ?’

‘ಭಾರೀ ದೂರ ಅವ್ನೆ. ನಾವ್ ಅವ್ನಿಗೆ ಕಾಣದೇ ಇಲ್ಲ. ಭೂಮಿಯೇ ಒಂದ್ ಮೆಣಸಿನ ಕಾಳು.’

ಮುದುಕಿ ತಲೆ ಎತ್ತಲಿಲ್ಲ. ಗ್ರಹ ಜಾರಿದಾಗ ಸೊಸೆ ಸರಿಸಿ ಕೊಟ್ಟಳು, ಮತ್ತೆ ನೋಡಿದರು. ಕಡೆಗೆ ನೆಟ್ಟಗೆ ನಿಂತು ಸೊಸೆಯ ಮುಖ ನೋಡಿದರು. ಆ ಬಿಗಿ ಮುಖ ಎಲ್ಲೋ ಸಡಿಲವಾಗಿತ್ತು.

‘ಹಂಗಾರೆ ನನ್ ಮಗ?’

ಅವಳೇ ಹೇಳಿದಳು.

‘ಮಂಜಿತ್ತು ಅತ್ತೆ. ಆನೆ ದಾರೀಲಿತ್ತು. ನಿಮ್ ಮಗನಿಗೆ ಕಾಣ್ಲಿಲ್ಲ. ಅಷ್ಟೇಯ.’

‘ಅಷ್ಟೇಯಾ?’ ಮುದುಕಿಯ ದನಿ ಸೀಳಿತು. ‘ಅಷ್ಟೇ ಅಂದ್ರೆ ನಾನ್ ಇನ್ನು ಯಾರನ್ನ ಬೈಕಳ್ಲೇ?’

ಅವಳು ಅತ್ತೆಯ ಕೈಯನ್ನು ಬಿಡಲಿಲ್ಲ. ‘ನನ್ನೇ ಬೈಕಳಿ ಅತ್ತೆ. ನಂಗೆ ಅಭ್ಯಾಸ ಆಗೈತೆ’ ಎಂದಳು. ಕೊಂಕಿನಲ್ಲಿ ಹೇಳಿದ್ದಲ್ಲ, ಊಟಕ್ಕೆ ಬಡಿಸುವಂತೆ ಹೇಳಿದಳು.

ಮುದುಕಿ ಕಣದ ಕಟ್ಟೆಯ ಮೇಲೆ ಕುಸಿದು ಕೂತು, ಸೊಸೆಯ ಕೈಯನ್ನು ಎಳೆದು ತಮ್ಮ ಪಕ್ಕ ಕೂರಿಸಿಕೊಂಡರು. ‘ಬೈಯಲ್ಲ ಕಣೇ. ಹಾಸನಕ್ಕೆ ಹೋಗ್ಬ್ಯಾಡಿ’ ಎಂದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಗನ ಹೆಸರು ಹಿಡಿದು ಅತ್ತರು. ಇಷ್ಟು ವರ್ಷ ಶನಿಯನ್ನೂ ಸೊಸೆಯನ್ನೂ ಬೈದುಕೊಂಡೇ ಅತ್ತವರು, ಅವತ್ತು ಬರೀ ಮಗನಿಗಾಗಿ ಅತ್ತರು.